ಕಲ್ಲುಕಟ್ಟೆ ತಿರುವಿನ ತಪ್ಪು ಕಾಣಿಕೆ

ವಾಸಪ್ಪನ ಬಸ್ಸಿನಡಿ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕೋಳಿ ಕೂಡ ಸತ್ತಿಲ್ಲ. ಇದು ವಾಸಪ್ಪನ ಹೇಳಿಕೆ. ಅವನ ಹೆಂಡತಿ ಜಲಜಮ್ಮನ ಪ್ರಕಾರ ಒಂದು ಸತ್ತಿದೆ. ಆದರೆ ಆ ಕೋಳಿ ಬಲಗಡೆಯಿಂದ, ಹಿಂದೆ ಮುಂದೆ ನೋಡದೆ, ಓಡುವ ಬಸ್ಸಿಗೆ ಅಡ್ಡ ಬಂದದ್ದರಿಂದ ತಪ್ಪು ಪೂರ್ತಿ ಕೋಳಿಯದೇ ಎಂದು ವಾಸಪ್ಪ ತೀರ್ಪು ಕೊಟ್ಟು ಎಂಟು ವರ್ಷವಾಗಿತ್ತು. ಕೋಳಿಯ ಕಡೆಯಿಂದ ಮಾತಾಡುವವರು ಯಾರೂ ಇರಲಿಲ್ಲವಾಗಿ ಪ್ರಕರಣ ಅಲ್ಲಿಗೇ ಮುಗಿದಿತ್ತು. ಕೋಳಿಯನ್ನು ಅದರ ಯಜಮಾನರು ಅಂದೇ ಸಾರು ಮಾಡಿಕೊಂಡಿದ್ದರು.

ವಾಸಪ್ಪ ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗಿ ಬರುವ ಖಾಸಗಿ ಬಸ್ಸಿನ ಚಾಲಕ. ಈ ಜನವರಿಯಲ್ಲಿ ಬಸ್ ಮಾಲೀಕರೆಲ್ಲ ಸೇರಿ ತೀರ್ಥಹಳ್ಳಿಯ ಒಂದು ಸಭಾಭವನದಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಇಟ್ಟುಕೊಂಡು, ಅವನಿಗೆ ‘ಅಪಘಾತರಹಿತ ಚಾಲಕ’ ಎಂದು ಶಾಲು, ಫಲಕ ಕೊಡುವುದಾಗಿ ತೀರ್ಮಾನಿಸಿದರು. ಆಮಂತ್ರಣ ಪತ್ರಿಕೆಯಲ್ಲಿ ಅವನ ಫೋಟೋ ಅಚ್ಚಾಯಿತು. ಅಂದಿನಿಂದ ವಾಸಪ್ಪನ ಅಂಗಿಯ ಜೇಬಿನಲ್ಲಿ ಯಾವಾಗಲೂ ಹತ್ತು ಪತ್ರಿಕೆ ಇರುತ್ತಿದ್ದವು. ಹಾಲಿನ ಡೈರಿಯವನಿಗೆ ಕೊಟ್ಟ, ಕರೆಂಟು ಬಿಲ್ಲಿನವನಿಗೆ ಕೊಟ್ಟ, ದಾರಿ ಕೇಳಿದ ಪ್ರವಾಸಿಗರಿಗೆ ದಾರಿಯ ಜೊತೆ ಒಂದು ಪತ್ರಿಕೆಯನ್ನೂ ಕೊಟ್ಟ.

ವಾಸಪ್ಪನ ಬಸ್ಸಿನ ಮಾಲೀಕರು ಜಾಣರು. ಇಪ್ಪತ್ತೊಂಬತ್ತು ವರ್ಷ ಆಗದ್ದು ಕಡೇ ವಾರದಲ್ಲಿ ಆಗಿಬಿಟ್ಟರೆ ಅಚ್ಚು ಹಾಕಿಸಿದ್ದೆಲ್ಲ ದಂಡ ಎಂದು ಯೋಚಿಸಿ, ಬಸ್ಸು ಬಿಡದ ಚಾಲಕನಿಗೆ ಅಪಘಾತ ಆಗುವುದಿಲ್ಲ ಎಂಬ ಸತ್ಯವನ್ನು ಕಂಡುಕೊಂಡು, ಭಾನುವಾರದ ಸಮಾರಂಭ ಮುಗಿಯುವವರೆಗೆ ವಾಸಪ್ಪನಿಗೆ ರಜೆ ಕೊಟ್ಟರು. ಅವನ ಜಾಗಕ್ಕೆ ಬಾಲುವನ್ನು ಕೂರಿಸಿ, ಬಾಲುವಿನ ಟಿಕೆಟ್ ಚೀಲವನ್ನು ಹೊಸ ಹುಡುಗನೊಬ್ಬನಿಗೆ ಕೊಟ್ಟರು. ಬಾಲು ಅದೇ ಬಸ್ಸಿನಲ್ಲಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದವನು. ಹೋದ ವರ್ಷ ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡು, ವಾಸಪ್ಪನಿಂದಲೇ ಬಸ್ಸು ಕಲಿತು, ಅವನು ರಜೆ ಹಾಕಿದ ದಿನ ಚಕ್ರ ಹಿಡಿಯುತ್ತಿದ್ದ.

ರಜೆ ಸಿಕ್ಕ ವಾಸಪ್ಪ ಸುಮ್ಮನೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸನ್ಮಾನಕ್ಕೆಂದು ಸಾಗರದ ದರ್ಜಿಯ ಹತ್ತಿರ ಹೊಲಿಯಲು ಕೊಟ್ಟಿದ್ದ ಬಿಳಿ ಅಂಗಿ ಶುಕ್ರವಾರ ಸಿಗುವುದಿತ್ತು. ಹೊಸನಗರದ ಹೊರಗಿನ ತಮ್ಮ ಮನೆಯಿಂದ ಗಂಡ ಹೆಂಡತಿ ಸ್ಕೂಟರಿನಲ್ಲಿ ಹೊರಟರು. ಸನ್ಮಾನಿತನಾಗುವವನು ನಿಯಮ ಮೀರಬಾರದು ಎಂದು ವಾಸಪ್ಪ ಎರಡು ಹೊಸ ಹೆಲ್ಮೆಟ್ ತಂದಿದ್ದ. ಜಲಜಮ್ಮನ ತುರುಬಿಗೂ ಹೆಲ್ಮೆಟ್ಟಿಗೂ ಹೊಂದಿಕೆಯಾಗದೆ, ಅದು ಅವಳ ತಲೆಯ ಮೇಲೆ ಸಿಂಬಿಯ ಮೇಲಿಟ್ಟ ಕಲಶದಂತೆ ಕೂತಿತ್ತು.

ಹೊಸನಗರದಿಂದ ಸಾಗರದ ಕಡೆಗೆ ಹೋಗುವಾಗ ಕಲ್ಲುಕಟ್ಟೆ ಎಂಬ ತಿರುವು ಬರುತ್ತದೆ. ಬಲಬದಿಗೆ ಒಂದು ಬಸರಿ ಮರ, ಅದರ ಬುಡದಲ್ಲಿ ಭೂತಪ್ಪನ ಕಲ್ಲು. ಆ ದಾರಿಯ ಯಾವ ಗಾಡಿಯೂ ನಿಧಾನ ಮಾಡಿ, ನಾಣ್ಯ ಎಸೆದು, ಕೈ ಮುಗಿಯದೆ ಮುಂದಕ್ಕೆ ಹೋಗುವುದಿಲ್ಲ. ಎಸೆಯದೆ ಹೋದವರಿಗೆ ಏನೇನಾಯಿತು ಎಂಬ ಕಥೆಗಳಿಗೆ ಅಲ್ಲಿ ಬರವಿಲ್ಲ. ಎಸೆಯಲು ಹೋದವರಿಗೆ ಏನಾಯಿತು ಎಂಬ ಕಥೆ ಮಾತ್ರ ಆ ಶುಕ್ರವಾರದವರೆಗೆ ಇರಲಿಲ್ಲ.

ವಾಸಪ್ಪ ಸ್ಕೂಟರ್ ನಿಲ್ಲಿಸಿದ. ಬಸ್ಸಿನ ಅಭ್ಯಾಸ, ಪಕ್ಕಕ್ಕೆ ಇಳಿಸದೆ ಡಾಂಬರಿನ ಮೇಲೆಯೇ ನಿಲ್ಲಿಸಿದ. ಜೇಬಿಗೆ ಕೈ ಹಾಕಿದರೆ ಆಮಂತ್ರಣ ಪತ್ರಿಕೆಗಳಿದ್ದವು, ನಾಣ್ಯ ಇರಲಿಲ್ಲ. ಇಷ್ಟು ವರ್ಷ ಭೂತಪ್ಪನಿಗೆ ಅವನ ಕೈಯಿಂದ ಸಂದ ಕಾಣಿಕೆಯೆಲ್ಲ ಕಂಡಕ್ಟರನ ಚೀಲದ್ದು. ಜಲಜಮ್ಮ ತನ್ನ ಪರ್ಸ್ ಬಿಚ್ಚಿ ಹುಡುಕತೊಡಗಿದಳು. ಅಷ್ಟರಲ್ಲಿ ಹಿಂದೆ ಮಂಜುನಾಥಪ್ಪನ ಆಟೋ ಬಂದು ನಿಂತಿತು. ಅವನ ಹತ್ತಿರವೂ ನಾಣ್ಯವಿರಲಿಲ್ಲ. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕಳಿಸುವವರು. ಆಟೋದ ಹಿಂದೆ ಶ್ರೀರಂಗ ಹೆಗಡೆಯವರ ಕಾರು ನಿಂತಿತು. ಅವರು ನಿವೃತ್ತ ಮೇಷ್ಟ್ರು, ಸಾಗರದ ಹತ್ತಿರದವರು. ಅವರು ಗಾಜು ಇಳಿಸಿ, ಹತ್ತು ರೂಪಾಯಿಗೆ ಚಿಲ್ಲರೆ ಇದೆಯಾ ಎಂದು ಆಟೋದವನನ್ನು ಕೇಳುತ್ತಿದ್ದರು. ಆಗ ತಿರುವಿನಲ್ಲಿ ಬಸ್ಸು ಕಾಣಿಸಿತು.

ಬಸ್ಸು ನಿಧಾನವಾಗಿಯೇ ಬಂತು. ಆದರೆ ನಿಲ್ಲಲಿಲ್ಲ. ಬಸ್ಸು ಕಾರಿಗೆ ತಾಗಿತು, ಕಾರು ಆಟೋಕ್ಕೆ ತಾಗಿತು, ಆಟೋ ಸ್ಕೂಟರಿನ ಬೆನ್ನಿಗೆ ತಾಗಿತು. ಸ್ಕೂಟರ್ ಒಂದು ಮೊಳ ಮುಂದೆ ಹೋಯಿತು, ಜಲಜಮ್ಮ ಇದ್ದಲ್ಲೇ ಇದ್ದಳು. ನೆಲದ ಮೇಲೆ, ಪರ್ಸ್ ಹಿಡಿದುಕೊಂಡು. ಯಾರಿಗೂ ಪೆಟ್ಟಾಗಲಿಲ್ಲ. ಅವಳ ಕೈಯಲ್ಲಿ ಎರಡು ರೂಪಾಯಿಯ ನಾಣ್ಯವಿತ್ತು.

“ಸಿಕ್ತು” ಎಂದಳು ಜಲಜಮ್ಮ.

ಮುಂದಿನದು ಎಲ್ಲ ರಸ್ತೆಯಲ್ಲೂ ನಡೆಯುವಂಥದ್ದೇ. ಶ್ರೀರಂಗ ಹೆಗಡೆಯವರು ಇಳಿದು ಬಸ್ಸಿನವನನ್ನು ಬೈದರು. ಬಾಲು, ನೀವು ನಡುರಸ್ತೆಯಲ್ಲಿ ಯಾಕೆ ನಿಲ್ಲಿಸಿದ್ದಿರಿ ಎಂದ. ಆಟೋ ನಿಂತಿತ್ತು, ಅದಕ್ಕೆ ನಿಲ್ಲಿಸಿದೆ ಎಂದರು ಅವರು. ಮಂಜುನಾಥಪ್ಪ, ಸ್ಕೂಟರ್ ನಿಂತಿತ್ತು, ಅದಕ್ಕೆ ನಾನು ನಿಲ್ಲಿಸಿದೆ ಎಂದ. ಹೀಗೆ ತಪ್ಪು ಒಂದೊಂದೇ ಗಾಡಿ ದಾಟಿ ಮುಂದೆ ಮುಂದೆ ಬಂದು, ಮುಂದೆ ಇನ್ನು ಗಾಡಿ ಇಲ್ಲದ್ದರಿಂದ ವಾಸಪ್ಪನ ಹತ್ತಿರ ನಿಂತಿತು. ಬಸ್ಸಿನ ಐವತ್ತು ಪ್ರಯಾಣಿಕರೂ ಇಳಿದು ಅವನ ಕಡೆ ನೋಡಿದರು.

ವಾಸಪ್ಪ ಅವರಲ್ಲಿ ಯಾರ ಕಡೆಗೂ ನೋಡುತ್ತಿರಲಿಲ್ಲ. ಅವನಿಗೆ ಹೋದ ವಾರ ಅವಸರದಲ್ಲಿ ಕಾಣಿಕೆ ಹಾಕದೆ ಹೋದದ್ದು ನೆನಪಾಗಿತ್ತು. ಚಪ್ಪಲಿ ಬಿಟ್ಟು, ಹೆಲ್ಮೆಟ್ ತೆಗೆದು, ಎರಡು ರೂಪಾಯಿಯನ್ನು ಕರ್ಚೀಫಿನಲ್ಲಿ ಕಟ್ಟಿ, ಎಲ್ಲರಿಗೂ ಕೇಳುವ ಹಾಗೆ, “ತಪ್ಪಾತು ಭೂತಪ್ಪ, ನನ್ನಿಂದ್ಲೇ ತಪ್ಪಾತು, ತಪ್ಪು ಕಾಣಿಕೆ ಕಟ್ಟೀನಿ, ಹೊಟ್ಟೆಗೆ ಹಾಕ್ಕೋ” ಎಂದು ಬಸರಿಯ ಕೊಂಬೆಗೆ ಕಟ್ಟಿದ. ಪ್ರಯಾಣಿಕರಲ್ಲಿ ಮೂವರು ಅದನ್ನು ಫೋನಿನಲ್ಲಿ ಹಿಡಿದರು.

ಅಲ್ಲಿಗೆ ಉಳಿದ ಮೂರು ಗಾಡಿಯವರ ಜಗಳ ಗಂಟು ಬಿಚ್ಚಿದಂತೆ ಬಿಟ್ಟುಹೋಯಿತು. ದೇವರ ಎದುರಿಗೆ ತಪ್ಪು ಒಪ್ಪಿಕೊಂಡವನನ್ನು ಯಾರು ತಾನೇ ತಡೆಯುತ್ತಾರೆ? ಶ್ರೀರಂಗ ಹೆಗಡೆಯವರು ಪಕ್ಕಕ್ಕೆ ಹೋಗಿ ಮನೆಗೆ ಫೋನ್ ಮಾಡಿ ಹೆಂಡತಿ ಮೂಕಾಂಬಿಕಾಗೆ ತಮ್ಮ ಹವ್ಯಕ ಮಾತಿನಲ್ಲಿ ಸಮಾಧಾನ ಹೇಳಿದರು. “ಎಂತೂ ಆಜಿಲ್ಲೆ, ಆನು ಆರಾಮಿದ್ದಿ. ಕಾರು ಮಾತ್ರ ಹಿಂದೂ ಹೋತು, ಮುಂದೂ ಹೋತು. ತಪ್ಪು ಮಾಡಿದವ ಇಲ್ಲೇ ಒಪ್ಪಿಗಂಡಿದ್ದ.” ಮಂಜುನಾಥಪ್ಪನಿಗೆ ವಾಸಪ್ಪನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಸ್ಕೂಟರಿನ ಬಾಗಿದ ನಂಬರ್ ಪ್ಲೇಟನ್ನು ತಾನೇ ಕೈಯಲ್ಲಿ ಒತ್ತಿ ನೆಟ್ಟಗೆ ಮಾಡಿಕೊಟ್ಟ.

ಕಾರಿನ ವಿಮೆಗೆ ಪೊಲೀಸರ ಕಾಗದ ಬೇಕಾದ್ದರಿಂದ ಸುದ್ದಿ ಠಾಣೆಗೆ ಹೋಗಿ, ಹೆಡ್ ಕಾನ್‌ಸ್ಟೇಬಲ್ ನಿಂಗಪ್ಪ ಬಂದ. ಅವನು ಟೇಪು ಹಿಡಿದು ಅಳೆದ, ನಕ್ಷೆ ಬರೆದ, ನಾಲ್ಕು ಗಾಡಿಗೂ ಒಂದೊಂದು ಚೌಕ ಹಾಕಿದ, ಭೂತಪ್ಪನಿಗೆ ಒಂದು ಸೊನ್ನೆ ಹಾಕಿದ. ತಪ್ಪು ಯಾರದು ಎಂದು ಕೇಳಿದರೆ ಎಲ್ಲರೂ ಕರ್ಚೀಫು ತೋರಿಸಿದರು. ಹಾಗಾದರೆ ಅದು ಸಾಕ್ಷಿ, ಇಳಿಸಿ ಕೊಡಿ ಎಂದ ನಿಂಗಪ್ಪ. ಯಾರೂ ಅಲುಗಲಿಲ್ಲ. ಭೂತಪ್ಪನಿಗೆ ಕಟ್ಟಿದ್ದನ್ನು ಬಿಚ್ಚಿದವನ ತಲೆಗೆ ಬರುತ್ತದೆ ಎಂಬುದು ಗೊತ್ತಿದ್ದ ನಿಂಗಪ್ಪ ತಾನೂ ಕೈ ಚಾಚಲಿಲ್ಲ. ದೂರದಿಂದ ಒಂದು ಫೋಟೋ ತೆಗೆದುಕೊಂಡು, ‘ಸಾಕ್ಷ್ಯವು ಮರದಲ್ಲಿದೆ, ಇಳಿಸಲು ಯಾರೂ ಒಪ್ಪಿರುವುದಿಲ್ಲ’ ಎಂದು ಬರೆದು, ನಾಳೆ ಎಲ್ಲರೂ ಠಾಣೆಗೆ ಬನ್ನಿ ಎಂದು ಹೇಳಿ ಹೋದ.

ಸಂಜೆಯೊಳಗೆ ಸುದ್ದಿ ಮೂರು ತಾಲೂಕು ಸುತ್ತಿತು. ಹೊಸನಗರದಲ್ಲಿ ನಾಲ್ಕು ಗಾಡಿ ಇದ್ದದ್ದು ಸಾಗರಕ್ಕೆ ಹೋಗುವಾಗ ಏಳಾಯಿತು. ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ, ವಾಸಪ್ಪ ಬಸ್ಸನ್ನೇ ಭೂತಪ್ಪನ ಕಟ್ಟೆಯ ಮೇಲೆ ಹತ್ತಿಸಿದ ಎಂದಾಯಿತು. ಆನಂದಪುರದಲ್ಲಿದ್ದ ಜಲಜಮ್ಮನ ಅಣ್ಣ ಫೋನ್ ಮಾಡಿ, ವಾಸಪ್ಪನೇ ಫೋನ್ ಎತ್ತಿದರೂ ನಂಬದೆ, ಅವನ ಕೊನೇ ಮಾತು ಏನಿತ್ತು ಎಂದು ಅವನನ್ನೇ ಕೇಳಿದ. ಕಡೆಗೆ ಮಾಲೀಕರ ಫೋನು ಬಂತು. ಅವರು ವಿಡಿಯೋ ನೋಡಿದ್ದರು. ಕೂಗಾಡುವ ಮನುಷ್ಯರಲ್ಲ, ಠಾಣೆಯ ಕಾಗದದಲ್ಲಿ ನಿಮ್ಮ ತಪ್ಪು ಎಂದು ಬಂದರೆ ‘ಅಪಘಾತರಹಿತ’ ಎಂದು ಬರೆದ ಫಲಕವನ್ನು ನಾನು ಯಾರಿಗೆ ಕೊಡಲಿ ಎಂದಷ್ಟೇ ಕೇಳಿದರು.

ವಾಸಪ್ಪನಿಗೆ ಆಗ ಗಾಬರಿಯಾಯಿತು. ಅವನು ಭೂತಪ್ಪನಿಗೆ ಹೇಳಿದ್ದನ್ನು ಊರೇ ಕೇಳಿಸಿಕೊಂಡಿತ್ತು. ಇಪ್ಪತ್ತೊಂಬತ್ತು ವರ್ಷದ ಹೆಸರು ಎರಡು ರೂಪಾಯಿಯ ಜೊತೆ ಕರ್ಚೀಫಿನಲ್ಲಿ ಗಂಟಾಗಿ ಮರದಲ್ಲಿ ನೇತಾಡುತ್ತಿತ್ತು. ಅಂಗಿ ತರುವುದಂತೂ ಮರೆತೇಹೋಗಿತ್ತು.

ಶನಿವಾರ ಠಾಣೆಯಲ್ಲಿ ನಿಂಗಪ್ಪ ನಾಲ್ಕೂ ಹೇಳಿಕೆ ಓದಿದ. ಮೂರರಲ್ಲಿ ‘ವಾಸಪ್ಪನವರು ತಪ್ಪೊಪ್ಪಿಕೊಂಡು ಕಾಣಿಕೆ ಕಟ್ಟಿರುತ್ತಾರೆ’ ಎಂದಿತ್ತು. ನಾಲ್ಕನೆಯದು ವಾಸಪ್ಪನದು, ಅದರಲ್ಲೂ ಹಾಗೇ ಇತ್ತು; ಭೂತಪ್ಪನಿಗೆ ಒಂದು, ಪೊಲೀಸರಿಗೆ ಒಂದು ಹೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ನಿಂಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಕಾಣಿಕೆ ಬೇರೆ, ಕಾನೂನು ಬೇರೆ ವಾಸಪ್ಪೋರೆ” ಎಂದ. “ಮುಂದಿನ ಗಾಡಿ ನಿಂತ್ರೆ ನಿಲ್ಲೋ ಅಷ್ಟು ಜಾಗ ಹಿಂದಿನೋನು ಬಿಟ್ಕಂಡಿರ್ಬೇಕು. ಈಗ ನಂಗೆ ಬೇಕಾದ್ದು ಒಂದೇ. ಯಾವುದು ಮೊದ್ಲು ಗುದ್ದಿದ್ದು? ಎಷ್ಟು ಸಲ ಶಬ್ದ ಆಯ್ತು, ಎಲ್ಲಿಂದ ಎಲ್ಲಿಗೆ ಆಯ್ತು, ಅದು ಹೇಳಿ.”

ಆಟೋ ಮೊದಲೇ ಸ್ಕೂಟರಿಗೆ ತಾಗಿ ಆಮೇಲೆ ಹಿಂದಿನ ಪೆಟ್ಟು ಬಿದ್ದಿದ್ದರೆ ಆಟೋದವನೂ ಪಾಲುದಾರ; ಕಾರು ಮೊದಲು ಆಟೋಕ್ಕೆ ಗುದ್ದಿದ್ದರೆ ಕಾರಿನವರೂ ಪಾಲುದಾರರು; ಹಿಂದಿನಿಂದ ಮುಂದಕ್ಕೆ ಬಂದಿದ್ದರೆ ಎಲ್ಲ ಬಸ್ಸಿನದೇ ಎಂದು ಅವನು ವಿವರಿಸಿದ. ವಿವರಿಸಬಾರದಿತ್ತು. ಹಾಗೆ ವಿವರಿಸಿದ ಮೇಲೆ ಎಲ್ಲರ ಕಿವಿಯೂ ತಮತಮಗೆ ಬೇಕಾದಷ್ಟು ಸದ್ದು ಕೇಳಿಸಿಕೊಂಡಿತ್ತು. ಮಂಜುನಾಥಪ್ಪನಿಗೆ ಹಿಂದಿನಿಂದ ಒಂದು ದೊಡ್ಡದು ಕೇಳಿಸಿತ್ತು. ಹೆಗಡೆಯವರಿಗೆ ಒಂದು ಹಿಂದೆ, ಆಮೇಲೆ ಸಣ್ಣದೊಂದು ಮುಂದೆ. ಬಾಲು ತಲೆ ತಗ್ಗಿಸಿ ನಿಂತಿದ್ದ. ವಾಸಪ್ಪನಿಗೆ ಭೂತಪ್ಪನ ಸಿಟ್ಟಿನ ಸದ್ದು ಒಂದೇ ಕೇಳಿಸಿತ್ತು.

ಬಾಗಿಲ ಹತ್ತಿರ ಬೆಂಚಿನಲ್ಲಿ ಕೂತಿದ್ದ ಜಲಜಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳೇ ಹೇಳಿದಳು.

“ಮೂರು. ಮೊದ್ಲು ದೂರದ್ದು, ಆಮೇಲೆ ಹತ್ತಿರದ್ದು, ಆಮೇಲೆ ನಂದು.”

ಗಾಡಿಯೂ ಇಲ್ಲದ, ಲೈಸೆನ್ಸೂ ಇಲ್ಲದ, ತನ್ನ ಪರ್ಸಿನ ತಳದ ಹೊರತು ಬೇರೇನನ್ನೂ ನೋಡದಿದ್ದ ಸಾಕ್ಷಿ. ನಿಂಗಪ್ಪ ಅದನ್ನೇ ಬರೆದುಕೊಂಡ. ನಿಂತ ಗಾಡಿಗಳಿಗೆ ಬಸ್ಸು ಬಂದು ಗುದ್ದಿದೆ, ಮುಂದಿನ ಮೂವರದೂ ತಪ್ಪಿಲ್ಲ. ನಡುರಸ್ತೆಯಲ್ಲಿ ನಿಲ್ಲಿಸಿದ್ದಕ್ಕೆ ವಾಸಪ್ಪನಿಗೆ ಬಾಯಲ್ಲಿ ಒಂದು ಎಚ್ಚರಿಕೆ ಕೊಟ್ಟ, ಕಾಗದದಲ್ಲಿ ಬರೆಯಲಿಲ್ಲ. ಕಾರಿನ ದುರಸ್ತಿ ಬಸ್ಸಿನ ವಿಮೆಯವರ ತಲೆಗೆ. ಮಾಲೀಕರಿಗೆ ಅಲ್ಲಿಂದಲೇ ಫೋನು ಹೋಯಿತು. ಅವರು, ಸದ್ಯ, ಭಾನುವಾರ ಬೇಗ ಬಂದುಬಿಡಿ ಎಂದರು. ಅದೇ ಉಸಿರಿನಲ್ಲಿ, ಬಾಲುವಿಗೆ ಸೋಮವಾರದಿಂದ ಬೇರೆ ಕಡೆ ಕೆಲಸ ನೋಡಿಕೊಳ್ಳಲು ಹೇಳಿ ಎಂದರು.

ವಾಸಪ್ಪನ ಎದೆಯ ಮೇಲಿನ ಕಲ್ಲು ಇಳಿಯಿತು. ಜೇಬಿನಿಂದ ಒಂದು ಆಮಂತ್ರಣ ಪತ್ರಿಕೆ ತೆಗೆದು ನಿಂಗಪ್ಪನಿಗೆ ಕೊಟ್ಟು, ಹೆಗಡೆಯವರಿಗೊಂದು ಕೊಟ್ಟು, ಹೊರಗೆ ಜಗಲಿಗೆ ಬಂದ. ಅಲ್ಲಿ ಬಾಲು ನಿಂತಿದ್ದ. ಶಿಷ್ಯನಿಗೆ ಬುದ್ಧಿ ಹೇಳುವುದು ಗುರುವಿನ ಕರ್ತವ್ಯವಾದ್ದರಿಂದ ವಾಸಪ್ಪ, ನಾನು ಇಪ್ಪತ್ತೊಂಬತ್ತು ವರ್ಷ ಅದೇ ತಿರುವಿನಲ್ಲಿ ಹೋಗಿಲ್ಲವಾ, ನಿನಗೆ ಎದುರಿನ ಕಾರು ಕಾಣಲಿಲ್ಲವಾ ಎಂದು ಶುರುಮಾಡಿದ.

ಬಾಲು ಎದುರು ಮಾತಾಡುವವನಲ್ಲ. ಸುಮ್ಮನೆ ಕೇಳಿಸಿಕೊಂಡು, ಎಲ್ಲ ಮುಗಿದ ಮೇಲೆ ಹೇಳಿದ.

“ವಾಸಣ್ಣ, ಕಲ್ಲುಕಟ್ಟೇಲಿ ನೀವು ಭೂತಪ್ಪನ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗೀತಿದ್ರಿ. ನಂಗೂ ಹಂಗೇ ಹೇಳ್ಕೊಟ್ರಿ. ನೀವು ಕೈ ಮುಗಿಯುವಾಗ ರಸ್ತೆ ನಾನು ನೋಡ್ತಿದ್ದೆ. ಎದ್ರಿಗೆ ಏನಾದ್ರೂ ನಿಂತಿದ್ರೆ ಒಂದು ಸೀಟಿ ಹೊಡೀತಿದ್ದೆ. ನಿನ್ನೆ ನಾನು ಕೈ ಮುಗ್ದೆ. ಸೀಟಿ ಹೊಡಿಯೋಕೆ ಬಾಗ್ಲಲ್ಲಿ ನಾನಿರ್ಲಿಲ್ಲ.”

ವಾಸಪ್ಪನಿಗೆ ಆ ಸೀಟಿ ಚೆನ್ನಾಗಿ ನೆನಪಿತ್ತು. ಒಂದು ಸೀಟಿ ಎಂದರೆ ಬ್ರೇಕು, ಎರಡು ಎಂದರೆ ಹೊರಡು. ಕಾಲು ತಾನಾಗಿ ಒತ್ತುತ್ತಿತ್ತು. ಆ ತಿರುವಿನಲ್ಲಿ ಇಳಿಯುವವರಿಲ್ಲ, ಹತ್ತುವವರಿಲ್ಲ, ಯಾಕೆ ಸುಮ್ಮನೆ ಸೀಟಿ ಊದುತ್ತೀಯ ಎಂದು ಅವನು ಬಾಲುವನ್ನು ಎಷ್ಟು ಸಲ ಬೈದಿದ್ದನೋ ಲೆಕ್ಕವಿಲ್ಲ. ಬಾಲು ಬೈಸಿಕೊಂಡು ಊದುತ್ತಿದ್ದ. ಹನ್ನೊಂದು ವರ್ಷ.

ಸ್ಕೂಟರಿನಲ್ಲಿ ಮನೆಗೆ ಬರುವಾಗ ವಾಸಪ್ಪ ವರ್ಷಗಳ ಲೆಕ್ಕ ಹಾಕಿದ. ಬಾಲು ಬರುವುದಕ್ಕೆ ಮುಂಚಿನ ಹದಿನೆಂಟು ವರ್ಷ ಆ ತಿರುವನ್ನು ಯಾರು ನೋಡಿಕೊಂಡರು ಎಂಬುದಕ್ಕೆ ಭೂತಪ್ಪನೇ ಉತ್ತರ ಹೇಳಬೇಕು. ಅರ್ಧ ದಾರಿಯಲ್ಲಿ ಜಲಜಮ್ಮ ಹಿಂದಿನಿಂದ ಹೆಲ್ಮೆಟ್ ತಾಗಿಸಿ ಕೇಳಿದಳು.

“ಹೋಯ್, ಆ ಕೋಳಿ ಸತ್ತಿದ್ದು ಕಲ್ಲುಕಟ್ಟೇಲೇ ಅಲ್ವಾ? ಬಾಲು ತಂಗಿ ಮದುವೆ ದಿನ. ಅವ್ನು ರಜೆ ಇದ್ದ.”

ವಾಸಪ್ಪ ಸ್ಕೂಟರ್ ನಿಲ್ಲಿಸಿದ. ಈ ಸಲ ಪೂರ್ತಿ ಪಕ್ಕಕ್ಕೆ ಇಳಿಸಿ ನಿಲ್ಲಿಸಿದ.

ಭಾನುವಾರ ಸಭಾಭವನ ತುಂಬಿತ್ತು. ಮುಂದೆ ಮಾಲೀಕರು, ನಡುವೆ ಚಾಲಕರು, ಕಡೇ ಸಾಲುಗಳಲ್ಲಿ ಕಂಡಕ್ಟರುಗಳು. ರಸ್ತೆ ನಿಯಮದ ಬಗ್ಗೆ ನಾಲ್ಕು ಮಾತಾಡಲು ನಿಂಗಪ್ಪನನ್ನೂ ಕರೆದಿದ್ದರು. ವಾಸಪ್ಪ ಹಳೇ ಅಂಗಿಯಲ್ಲೇ ಬಂದಿದ್ದ. ಮಾಲೀಕರು ಶಾಲು ಬಿಡಿಸಿ ಹೊದಿಸಲು ಬಂದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವರು ಮುಂದೆ ಬಂದರು, ಅವನು ಇನ್ನೊಂದು ಹೆಜ್ಜೆ ಸರಿದ. ವೇದಿಕೆಯ ಹಿಂದಿನ ಪರದೆಯವರೆಗೂ ಹೀಗೆ ಹೋದ ಮೇಲೆ, ಇನ್ನು ಹೋಗಲು ಜಾಗವಿಲ್ಲದೆ ಅವನು ಮೈಕು ಕೇಳಿದ.

ಅವನಿಗೆ ಭಾಷಣ ಬರುವುದಿಲ್ಲ. ಕಲ್ಲುಕಟ್ಟೆಯ ತಿರುವಿನಲ್ಲಿ ತಾನು ಒಂದು ದಿನವೂ ರಸ್ತೆ ನೋಡಿಲ್ಲವೆಂದೂ, ನೋಡಿದ್ದು ಬಾಲು ಎಂದೂ, ಕಣ್ಣು ಮುಚ್ಚುವ ಪಾಠವನ್ನು ಅವನಿಗೆ ಹೇಳಿಕೊಟ್ಟದ್ದು ತಾನೇ ಎಂದೂ ತಡವರಿಸುತ್ತ ಹೇಳಿದ. ಬಾಲುವಿನ ಕೆಲಸ ಕಳೆದರೆ ತನ್ನದನ್ನೂ ಕಳೆಯಿರಿ ಎಂದ. ಇಷ್ಟು ಹೇಳಿ ಕೂರಬಹುದಿತ್ತು. ಆದರೆ ಮನಸ್ಸಿನಲ್ಲಿ ಇನ್ನೊಂದು ಉಳಿದಿತ್ತು.

“ಒಂದು ಕೋಳಿನೂ ಸತ್ತಿತ್ತು” ಎಂದ ವಾಸಪ್ಪ. “ಅದ್ರ ತಪ್ಪಲ್ಲ. ನಂದೇ ತಪ್ಪು.”

ನಡುಸಾಲಿನ ಚಾಲಕರು ತಮ್ಮ ತಮ್ಮ ಕೋಳಿಗಳನ್ನು ನೆನೆಸಿಕೊಂಡು ನೆಲ ನೋಡಿದರು. ಮೊದಲು ಚಪ್ಪಾಳೆ ಬಂದದ್ದು ಕಡೇ ಸಾಲಿನಿಂದ. ಕಂಡಕ್ಟರುಗಳು ಎದ್ದು ನಿಂತು ತಟ್ಟಿದರು, ಒಬ್ಬ ಸೀಟಿಯನ್ನೂ ಊದಿದ. ಶಾಲು ಹಿಡಿದ ಮಾಲೀಕರು ದಿಕ್ಕು ತೋಚದೆ ನಿಂಗಪ್ಪನ ಕಡೆ ನೋಡಿದರು. ನಿಂಗಪ್ಪ ಯೋಚಿಸಿ, ಕೋಳಿಯ ಬಗ್ಗೆ ಠಾಣೆಗೆ ಯಾವ ದೂರೂ ಬಂದಿಲ್ಲವಾದ್ದರಿಂದ ಇಲಾಖೆಯ ಅಭ್ಯಂತರ ಇಲ್ಲ ಎಂದ.

ಆದರೂ ವಾಸಪ್ಪ ಶಾಲು ಹೊದೆಯಲಿಲ್ಲ. ಫಲಕ ತನ್ನ ಪೆಟ್ಟಿಗೆಗೇ ಮರಳಿತು. ಊಟದ ಹೊತ್ತಿಗೆ ಮಾಲೀಕರು ವಾಸಪ್ಪನನ್ನು ಪಕ್ಕಕ್ಕೆ ಕರೆದು ತಮ್ಮ ತೀರ್ಪು ಹೇಳಿದರು. ಒಂದು ತಿಂಗಳು ಬಸ್ಸನ್ನು ಬಾಲುವೇ ಬಿಡಲಿ, ನೀವು ಬಾಗಿಲಲ್ಲಿ ನಿಂತು ರಸ್ತೆ ನೋಡುವುದನ್ನು ಕಲಿಯಿರಿ, ಇಬ್ಬರಿಗೂ ಬಂದ ಮೇಲೆ ಮುಂದಿನದು ನೋಡೋಣ. ವಾಸಪ್ಪ ಜಿಲೇಬಿ ಎಲೆಯಲ್ಲೇ ಬಿಟ್ಟು ಹೋಗಿ ಬಾಲುವಿಗೆ ಅದನ್ನು ಹೇಳಿದ. ಬಾಲು ತನ್ನ ಜೇಬಿನಿಂದ ಸೀಟಿ ತೆಗೆದು ಅವನ ಕೈಗಿಟ್ಟ.

ಸೋಮವಾರ ಬಸ್ಸು ಹೊಸನಗರ ಬಿಟ್ಟಿತು. ಬಾಗಿಲಲ್ಲಿ ಟಿಕೆಟ್ ಚೀಲ ಹಾಕಿಕೊಂಡು ವಾಸಪ್ಪ ನಿಂತಿದ್ದ. ಕಲ್ಲುಕಟ್ಟೆ ಬಂತು. ಬಸರಿ ಮರದಲ್ಲಿ ಕರ್ಚೀಫು ಹಾಗೇ ನೇತಾಡುತ್ತಿತ್ತು. ಅವನ ಕೈ ಅಭ್ಯಾಸಬಲದಿಂದ ಹಣೆಯ ಕಡೆಗೆ ಹೋಗಿ ಅರ್ಧದಲ್ಲೇ ನಿಂತಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಓಡುವ ಬಸ್ಸಿನಿಂದ ಆ ತಿರುವಿನ ರಸ್ತೆಯನ್ನು ನೋಡಿದ. ಎಷ್ಟು ಇಕ್ಕಟ್ಟು! ಎಡಕ್ಕೆ ಆಳದ ಚರಂಡಿ, ಆಚೆ ವಾಲಿದ ಕರೆಂಟು ಕಂಬ, ಕಂಬದ ಪಕ್ಕ ಒಂದು ಮನೆಯೂ ಇತ್ತು. ಅವನು ಈಗ, ಇಷ್ಟು ತಡವಾಗಿ, ಬಾಗಿಲ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಆಗ ಬಲಗಡೆಯಿಂದ, ಹಿಂದೆ ಮುಂದೆ ನೋಡದೆ, ಒಂದು ಹೇಂಟೆ ಕೋಳಿ ರಸ್ತೆಗೆ ಇಳಿಯಿತು. ಅದರ ಹಿಂದೆ ಮರಿಗಳು.

ವಾಸಪ್ಪ ಒಂದು ಸೀಟಿ ಊದಿದ. ಬಾಲು ಬ್ರೇಕ್ ಹಾಕಿದ. ಬಸ್ಸು ನಿಂತಿತು. ಒಳಗಿದ್ದವರು ಮುಗ್ಗರಿಸಿ ಗೊಣಗಿದರು. ಒಬ್ಬರು, ಇಲ್ಲಿ ಯಾರೂ ಇಳಿಯೋರಿಲ್ವಲ್ಲ ಮಾರಾಯ್ರೇ, ಯಾಕೆ ನಿಲ್ಸಿದ್ರಿ ಎಂದು ಕೇಳಿದರು.

“ಇಳಿಯೋರಿಲ್ಲ” ಎಂದ ವಾಸಪ್ಪ. “ದಾಟೋರು ಇದಾರೆ.”

ಹೇಂಟೆಗೆ ಅವಸರವಿರಲಿಲ್ಲ. ನಡುರಸ್ತೆಯಲ್ಲಿ ಏನೋ ಕಂಡು ಎರಡು ಸಲ ಕುಕ್ಕಿತು. ವಾಸಪ್ಪ ಒಂದೊಂದೇ ಮರಿಯನ್ನು ಎಣಿಸಿದ. ಏಳನೆಯದು ರಸ್ತೆ ದಾಟಿದ ಮೇಲೆ ಎರಡು ಸೀಟಿ ಊದಿದ.